ಆರು ನಂಬರಿನ ಕೈ

ಆದಿ ಉಡುಪಿಯ ಮಾರುಕಟ್ಟೆ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದವರೊಬ್ಬರ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಭಾನುವಾರದ ಬೆಳಿಗ್ಗೆ. ಹರ್ನಿಯಾದೊಳಗೆ ಕರುಳು ಸಿಕ್ಕಿಕೊಂಡು ಕಪ್ಪಾಗತೊಡಗಿದೆ. ನಮ್ಮ ಮುಖ್ಯ ಸರ್ಜನ್ ಯಾವುದೋ ಮದುವೆಗೆ ಹೋಗಿದ್ದಾರೆ. ರೋಗಿ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಪಂಚೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಾರೆ.

"ಗಂಡಸು ಡಾಕ್ಟ್ರು ಬರ್ಲಿ. ಅಲ್ಲಿವರೆಗೆ ನಾನು ತಡ್ಕೊಳ್ತೇನೆ."

"ನೀವು ತಡ್ಕೊಳ್ತೀರಿ, ನಿಮ್ಮ ಕರುಳು ತಡ್ಕೊಳ್ಳುದಿಲ್ಲ" ಎನ್ನುತ್ತೇನೆ ನಾನು.

ಪಂಚೆ ಸಡಿಲವಾಗುತ್ತದೆ. ನಾನು ಕೊಯ್ಯುತ್ತೇನೆ, ಸತ್ತ ಕರುಳನ್ನು ಒಂದು ಗೇಣಿನಷ್ಟು ತೆಗೆಯುತ್ತೇನೆ, ಉಳಿದದ್ದನ್ನು ಜೋಡಿಸಿ ಹೊಲಿಯುತ್ತೇನೆ. ಹತ್ತನೆಯ ದಿನ ಅವರು ನಡೆದುಕೊಂಡು ಮನೆಗೆ ಹೋಗುತ್ತಾರೆ.

ಕೇಳಿದವರು ಪಂಚೆಯ ಹತ್ತಿರ ನಗುತ್ತಾರೆ, ನಡೆದುಕೊಂಡು ಹೋದ ಹತ್ತಿರ ತಲೆಯಾಡಿಸುತ್ತಾರೆ. ತೊಂದರೆ ಒಂದೇ. ಆ ಕರುಳನ್ನು ಜೋಡಿಸಿದ್ದು ನಾನಲ್ಲ. ಅದು ನನಗೆ ಗೊತ್ತಾದದ್ದು ಕೆಲವು ವರ್ಷಗಳ ಮೇಲೆ, ಕಾಪುವಿನ ಒಂದು ಮನೆಯ ಜಗಲಿಯಲ್ಲಿ ಕೂತು, ಶಾಲಾ ಮಕ್ಕಳು ಬರೆಯುವಂಥ ನೂರು ಪುಟದ ಒಂದು ನೋಟ್‌ಬುಕ್ಕನ್ನು ಓದುತ್ತಿದ್ದಾಗ. ಆ ನೋಟ್‌ಬುಕ್ಕಿನ ಬಗ್ಗೆ ಬರೆಯಬೇಕು. ಅದಕ್ಕಿಂತ ಮೊದಲು ಅದು ಏಕೆ ಬೇಕಾಯಿತು ಎಂದು ಹೇಳಬೇಕು.

ನಾನು ಜನರಲ್ ಸರ್ಜನ್. ಮನೆ ಕಾರ್ಕಳಕ್ಕೆ ತಾಗಿದ ಕುಕ್ಕುಂದೂರಿನಲ್ಲಿ, ಕೆಲಸ ಉಡುಪಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹೆಸರು ಬೇಡ. ಒಂದೇ ಲಿಫ್ಟಿನ ಸಣ್ಣ ಆಸ್ಪತ್ರೆ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಪಕ್ಕದಲ್ಲಿ ಕೂತವರು ನಾನು ಡಾಕ್ಟರೆಂದು ತಿಳಿದ ಕೂಡಲೇ "ಹೆರಿಗೆಯಾ?" ಎಂದು ಕೇಳುತ್ತಿದ್ದರು. ಅಲ್ಲ, ಸರ್ಜರಿ ಎಂದರೆ "ಹೆರಿಗೆ ಆಪರೇಷನ್ನಾ?" ಎನ್ನುತ್ತಿದ್ದರು. ಪರ್ಕಳದವರೆಗೆ ತಿದ್ದಿ ಮಣಿಪಾಲ ಬರುವಾಗ ಬಿಟ್ಟುಬಿಡುತ್ತಿದ್ದೆ.

ಕೆಲಸಕ್ಕೆ ಸೇರುವಾಗಿನ ಸಂದರ್ಶನದ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಆಡಳಿತ ಮಂಡಳಿಯವರೊಬ್ಬರು, "ಮದುವೆ ಆಗಿದೆ, ಸರಿ. ಮಕ್ಕಳದ್ದು ಎಂತ ಪ್ಲಾನ್?" ಎಂದು ಕೇಳುತ್ತಾರೆ. ಇನ್ನೊಂದರಲ್ಲಿ ಯಾರೂ ಏನೂ ಕೇಳುವುದಿಲ್ಲ. ನಾನೇ ಮುಂದಾಗಿ, ಇನ್ನು ಮೂರು ವರ್ಷ ಮಕ್ಕಳ ಯೋಚನೆ ಇಲ್ಲ ಸರ್ ಎನ್ನುತ್ತೇನೆ. ಎರಡನೆಯದು ಹೆಚ್ಚು ನಾಚಿಕೆ ತರುತ್ತದೆ, ಆದ್ದರಿಂದ ಅದೇ ನಿಜವಿರಬೇಕು ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ನಾಚಿಕೆಯನ್ನೂ ಸಾಕ್ಷಿಯೆಂದು ನಂಬುವುದಿಲ್ಲ. ಒಂದಂತೂ ಖಂಡಿತ: ನನ್ನ ಜೊತೆಗೇ ಸೇರಿದ ಗಂಡು ಸಹೋದ್ಯೋಗಿಗೆ ಆಗಲೇ ಒಂದು ಮಗುವಿತ್ತು. ಆ ಮಾತು ಅಲ್ಲಿ ಬರಲೇ ಇಲ್ಲವೆಂದು ಅವನೇ ಹೇಳಿದ್ದಾನೆ.

ನಮ್ಮ ಮುಖ್ಯಸ್ಥರನ್ನು ಇಲ್ಲಿ ಸರ್ ಎಂದೇ ಕರೆಯುತ್ತೇನೆ, ಆಗಲೂ ಹಾಗೆಯೇ ಕರೆಯುತ್ತಿದ್ದದ್ದು. ಒಳ್ಳೆಯ ಕೈ, ಒಳ್ಳೆಯ ಮೇಷ್ಟರು. ನಮ್ಮಿಬ್ಬರಿಗೂ ಕಲಿಸಿದರು. ಸಹೋದ್ಯೋಗಿಗೆ ಒಂದು ಆಪರೇಷನ್ ಒಪ್ಪಿಸಿದರೆ, "ನೋಡಿಕೊ ಮಾರಾಯ" ಎಂದು ಹೇಳಿ ಚಹಾ ಕುಡಿಯಲು ಹೋಗುತ್ತಿದ್ದರು. ನನಗೆ ಒಪ್ಪಿಸಿದರೆ ತಾವೂ ಕೈ ತೊಳೆದು, ಗೌನ್ ತೊಟ್ಟು, ಎದುರು ನಿಲ್ಲುತ್ತಿದ್ದರು. "ನಾನಿದ್ದೇನೆ ಮಾರಾಯ್ತಿ, ಹೆದರ್ಬೇಡ" ಎನ್ನುತ್ತಿದ್ದರು. ನನಗೆ ಹೆದರಿಕೆ ಇರಲಿಲ್ಲ. ಆದರೆ ಅದು ಅಕ್ಕರೆ ಎಂದೇ ತಿಳಿದೆ. ಈಗಲೂ ಅಕ್ಕರೆ ಅಲ್ಲವೆಂದು ಹೇಳಲಾರೆ.

ಓಟಿಯ, ಅಂದರೆ ಆಪರೇಷನ್ ಥಿಯೇಟರಿನ, ರಿಜಿಸ್ಟರಿನಲ್ಲಿ ಎರಡು ಕಾಲಂ ಇದ್ದವು: ಮೊದಲನೆಯದು ಸರ್ಜನ್, ಎರಡನೆಯದು ಸಹಾಯಕರು. ಅದನ್ನು ತುಂಬುತ್ತಿದ್ದದ್ದು ಮಧ್ಯಾಹ್ನ ಬರುವ ಗುಮಾಸ್ತರು. ಹಿರಿಯರು ಒಳಗಿದ್ದರೆ ಮೊದಲ ಕಾಲಂ ಹಿರಿಯರದ್ದು, ಅದು ಅಲ್ಲಿಯ ಕ್ರಮ. ಸರ್ ಚಹಾಕ್ಕೆ ಹೋದ ದಿನಗಳಲ್ಲಿ ಒಳಗಿದ್ದವನು ಸಹೋದ್ಯೋಗಿ ಒಬ್ಬನೇ, ಆದ್ದರಿಂದ ಮೊದಲ ಕಾಲಂ ಅವನಿಗೆ. ಯಾರೂ ಯಾರಿಗೂ ಮೋಸ ಮಾಡಬೇಕೆಂದು ಬರೆದದ್ದಲ್ಲ. ನಾನೂ ಆ ಪುಸ್ತಕವನ್ನು ತೆರೆದು ನೋಡಿದವಳಲ್ಲ. ಆಪರೇಷನ್ ಮುಗಿಯುತ್ತ ಬಂದಾಗ ಸರ್ ಹೊರಗೆ ಹೋಗಿ ಕಾಯುತ್ತಿದ್ದ ಮನೆಯವರಿಗೆ, "ಆಯ್ತು, ಎಲ್ಲ ಒಳ್ಳೆದಾಗಿದೆ" ಎಂದು ಹೇಳುತ್ತಿದ್ದರು. ಒಳಗೆ ನಾನು ಚರ್ಮ ಹೊಲಿಯುತ್ತಿದ್ದೆ.

ಏಳನೆಯ ವರ್ಷಕ್ಕೆ ಸರ್ ನಿವೃತ್ತರಾದರು. ಮುಖ್ಯ ಸರ್ಜನ್ ಹುದ್ದೆಗೆ ನಾನೂ ಸಹೋದ್ಯೋಗಿಯೂ ಅರ್ಜಿ ಹಾಕಿದೆವು. ಸ್ವತಂತ್ರವಾಗಿ ಮಾಡಿದ ಐವತ್ತು ದೊಡ್ಡ ಆಪರೇಷನ್‌ಗಳ ಪಟ್ಟಿ ಬೇಕು ಎಂದರು. ಆಡಳಿತಾಧಿಕಾರಿಗಳು ರಿಜಿಸ್ಟರುಗಳನ್ನು ತರಿಸಿ ಮೇಜಿನ ಮೇಲೆ ಪೇರಿಸಿದ್ದರು.

"ಮೇಡಂ, ಅವರದ್ದು ಎಂಬತ್ತರ ಮೇಲೆ ಉಂಟು. ನಿಮ್ಮ ಹೆಸರು ಎಲ್ಲ ಎರಡನೇ ಕಾಲಂನಲ್ಲಿ ಉಂಟಲ್ಲ?"

"ಅದರಲ್ಲಿ ಅರ್ಧಕ್ಕರ್ಧ ನಾನೇ ಮಾಡಿದ್ದು."

"ಇರ್ಬಹುದು. ಆದ್ರೆ ನಾವು ಬರೆದದ್ದನ್ನೇ ನೋಡ್ಬೇಕಲ್ವಾ?" ಅವರು ಕೆಟ್ಟವರಲ್ಲ. ಮೇಲಿನ ರಿಜಿಸ್ಟರನ್ನು ಮುಚ್ಚಿ, "ಎಂತಾದ್ರೂ ದಾಖಲೆ ಇದ್ರೆ ತನ್ನಿ. ಸರ್ ಸಹಿ ಮಾಡಿಕೊಟ್ರೆ ಸಾಕು. ಹತ್ತು ದಿನ ಸಮಯ ಉಂಟು" ಎಂದರು.

ದಾಖಲೆ ಎಲ್ಲಿಂದ ಬರಬೇಕು? ರೋಗಿಗಳು ಮಲಗಿ ನಿದ್ದೆಯಲ್ಲಿದ್ದವರು. ಮನೆಯವರು ಸರ್ ಬಾಯಿಂದ ಕೇಳಿದವರು. ಆ ದಿನ ಬಸ್ಸಿನಲ್ಲಿ, ಸುಮ್ಮನೆ ನೆನಪಿನಿಂದ, ಒಂದು ಚೀಟಿಯಲ್ಲಿ ಬರೆಯಲು ಶುರುಮಾಡಿದೆ. ಮೊದಲು ಬರೆದದ್ದು ಆದಿ ಉಡುಪಿಯ ಆ ಮೂಟೆ ಹೊರುವವರದ್ದೇ. ಹಿರಿಯಡ್ಕಕ್ಕೆ ಬರುವಾಗ ಮೂವತ್ತೊಂದಾಗಿತ್ತು. ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಸ್ಪಷ್ಟ. ಇಷ್ಟು ಸ್ಪಷ್ಟವಾಗಿ ನೆನಪಿದೆಯಲ್ಲ ಎಂದು ಹೆಮ್ಮೆಪಡಬೇಕಿತ್ತು. ನನಗೆ ಯಾಕೋ ಸಂಶಯ ಶುರುವಾಯಿತು. ಯಾವ ಆಪರೇಷನ್ನಿನಲ್ಲೂ ನನ್ನ ಕೈ ತಡವರಿಸಿರಲಿಲ್ಲ, ಎಲ್ಲರಲ್ಲೂ ರಕ್ತ ಹೇಳಿದಲ್ಲಿ ನಿಂತಿತ್ತು. ಅಂಥ ಏಳು ವರ್ಷ ಯಾರಿಗೂ ಇರುವುದಿಲ್ಲ.

ಆಗ ಗ್ಲೋವ್ಸ್ ನೆನಪಾಯಿತು.

ನಾನು ಸೇರಿದಾಗ ಆಸ್ಪತ್ರೆಯ ಸ್ಟೋರಿನಲ್ಲಿ ಇದ್ದದ್ದು ಏಳು ಮತ್ತು ಏಳೂವರೆ ನಂಬರಿನ ಗ್ಲೋವ್ಸ್ ಮಾತ್ರ. ನನ್ನ ಕೈ ಆರು. ಮೊದಲ ಕೆಲವು ತಿಂಗಳು ಏಳನ್ನೇ ಹಾಕಿಕೊಂಡೆ. ಬೆರಳ ತುದಿಯಲ್ಲಿ ರಬ್ಬರು ಸುಕ್ಕಾಗಿ ನೂಲಿನ ಗಂಟಿನೊಳಗೆ ಸಿಕ್ಕಿಕೊಳ್ಳುತ್ತಿತ್ತು. "ತಿನ್ನು ಸರಿಯಾಗಿ, ಕೈ ಬೆಳೀತದೆ" ಎಂದು ಸರ್ ತಮಾಷೆ ಮಾಡುತ್ತಿದ್ದರು. ಓಟಿಯ ಹಿರಿಯ ಸಿಸ್ಟರಿಗೆ ಅದು ತಮಾಷೆ ಅನ್ನಿಸಲಿಲ್ಲ. ಅವರು ಕಾಪುವಿನವರು, ಬ್ಯಾರಿ ಮುಸ್ಲಿಮರ ಮನೆಯವರು, ಗಂಡ ಗಲ್ಫಿನಲ್ಲಿದ್ದ ಹದಿನೆಂಟು ವರ್ಷ ಒಬ್ಬರೇ ಮನೆ ನಡೆಸಿದವರು. ನನ್ನೆದುರೇ ಸ್ಟೋರಿಗೆ ಫೋನ್ ಮಾಡಿದರು.

"ಸಂತೆಗೆ ಹೋಗುವಾಗ ಹೆಂಡತಿಗೆ ನಿಮ್ಮ ಚಪ್ಪಲಿ ಹಾಕಿ ಕಳಿಸ್ತೀರಾ? ಇಲ್ಲ ಅಲ್ವಾ? ಹಾಗಾದ್ರೆ ಆರು ನಂಬರು ತರ್ಸಿ."

ಆರು ನಂಬರು ಬಂತು. ಬೇಕಾದಷ್ಟು ಬರುತ್ತಿರಲಿಲ್ಲ. ಆದ್ದರಿಂದ ಸಿಸ್ಟರ್ ಪ್ರತಿ ಆಪರೇಷನ್ನಿಗೂ ಯಾವ ಅಳತೆ ಖರ್ಚಾಯಿತೆಂದು ತಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದರು. ರೋಗಿಯ ಹೆಸರಿಲ್ಲ, ವೈದ್ಯರ ಹೆಸರಿಲ್ಲ. ತಾರೀಕು, ಯಾವ ಆಪರೇಷನ್, ಯಾವ ನೂಲು, ಎರಡು ಅಂಕೆ. ಅಷ್ಟೇ.

ಸಿಸ್ಟರ್ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಮರುದಿನವೇ ಕಾಪುವಿಗೆ ಹೋದೆ. ಜಗಲಿಯಲ್ಲಿ ಕೂತು ಅವರು ಸಿಗಡಿ ಬಿಡಿಸುತ್ತಿದ್ದರು.

"ಎಂತ ಡಾಕ್ಟ್ರೇ, ದಾರಿ ತಪ್ಪಿತಾ?"

ವಿಷಯ ಹೇಳಿದೆ. ಅವರು ಕೈ ತೊಳೆದು ಒಳಗೆ ಹೋಗಿ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದನ್ನು ತಂದರು. ಒಳಗೆ ಐದು ನೋಟ್‌ಬುಕ್ಕುಗಳು.

"ಎಂಟಿತ್ತು. ಮೂರನ್ನು ಮೊಮ್ಮಕ್ಕಳು ದೋಣಿ ಮಾಡಿ ಬಿಟ್ಟಿದ್ದಾರೆ. ಇನ್ನು ಅರಬ್ಬಿ ಸಮುದ್ರದಲ್ಲಿ ಹುಡುಕ್ಬೇಕು ನೀವು."

ಎರಡು ಅಂಕೆಗಳಲ್ಲಿ ಮೊದಲಿನದು ಯಾರದ್ದು ಎಂದು ಕೇಳಿದೆ. ಅವರು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಚಾಕು ಯಾರಿಗೆ ಕೊಡುದು ನಾನು? ಅವರದ್ದು ಮೊದ್ಲು. ಎದುರು ನಿಂತವರದ್ದು ಮತ್ತೆ."

ಪುಟ ತಿರುಗಿಸಿದೆ. ಪಿತ್ತಕೋಶ, 6, 7½. ಹರ್ನಿಯಾ, 6, 7½. ಥೈರಾಯ್ಡ್, 7½, 6. ಕರುಳು, 6, 7½. ಆಸ್ಪತ್ರೆಯಲ್ಲಿ ಆರು ನಂಬರಿನ ಕೈ ನನ್ನದೊಂದೇ. ಪುಟದ ಮೇಲೆ ಪುಟ, ಆರು, ಆರು, ಆರು. ಒಂದು ಪುಟದಲ್ಲಿ ನಡುವೆ ಯಾವುದೋ ಮೀನಿನ ಗಸಿಗೆ ಬೇಕಾದ ಸಾಮಾನಿನ ಪಟ್ಟಿಯಿತ್ತು. ಅದರ ಕೆಳಗೆ ಮತ್ತೆ ಆರು. ಆ ಗಳಿಗೆಯಲ್ಲಿ ನಾನು ಅತ್ತೆ ಎಂದು ಬರೆಯುವುದು ಸುಲಭ. ಅಳಲಿಲ್ಲ. ಸಿಗಡಿಯ ವಾಸನೆಗೆ ಬಂದ ಬೆಕ್ಕನ್ನು ಸಿಸ್ಟರ್ ಓಡಿಸುತ್ತಿದ್ದರು, ನಾನೂ ಒಮ್ಮೆ ಓಡಿಸಿದೆ.

ಆಮೇಲೆ ಆ ಭಾನುವಾರ ಸಿಕ್ಕಿತು. ಹರ್ನಿಯಾ, ಕರುಳು, 6, ಎದುರು ಯಾರೂ ಇಲ್ಲ. ಅದರ ಕೆಳಗೆ ಅದೇ ತಾರೀಕಿಗೆ ಇನ್ನೊಂದು ಸಾಲು: 7½, 6.

"ಇದೆಂತ ಸಿಸ್ಟರ್?"

"ಮಧ್ಯದಲ್ಲಿ ಸರ್ ಬಂದ್ರಲ್ಲ. ಮದುವೆಯಿಂದ ಜರಿ ಪಂಚೆಯಲ್ಲೇ ಓಡಿ ಬಂದದ್ದು, ಹಣೆಯಲ್ಲಿ ಗಂಧ. ನೀವು ಕೊಯ್ದು ಕರುಳು ಬಿಡಿಸಿ ಇಟ್ಟಿದ್ರಿ. ಜೋಡ್ಸಿದ್ದು ಅವರು. ನಿಮಗೆ ನೆನಪಿಲ್ವಾ?"

ಇರಲಿಲ್ಲ. ಜರಿ ಪಂಚೆ ಹೇಳಿದ ಮೇಲೆ ಬಂತು, ಅದೂ ನಿಜವಾಗಿ ಬಂತೋ, ಅವರು ಹೇಳಿದ್ದನ್ನೇ ನಾನು ನೋಡಿದೆನೋ ಗೊತ್ತಿಲ್ಲ. ಚೀಟಿಯ ಮೊದಲ ಸಾಲನ್ನು ಹೊಡೆದುಹಾಕಿದೆ. ಸಿಸ್ಟರ್ ನೋಡುತ್ತಿದ್ದರು. "ಸ್ವಲ್ಪ ಹುಳಿ ಇದ್ರೇ ಗಸಿ" ಎಂದು ಹೇಳಿ, ನಾನು ಊಟ ಮಾಡಿಯೇ ಹೋಗಬೇಕೆಂದರು.

ಒಂದು ವಾರ ಕೂತು ನೋಟ್‌ಬುಕ್ಕಿನ ಸಾಲುಗಳನ್ನು ರಿಜಿಸ್ಟರಿನ ತಾರೀಕುಗಳಿಗೆ ಹೊಂದಿಸಿದೆ. ನೆನಪಿನಿಂದ ಬರೆದ ಮೂವತ್ತೊಂದರಲ್ಲಿ ಐದು ನನ್ನದಲ್ಲ. ಆದರೆ ನನಗೆ ಏನೂ ನೆನಪಿಲ್ಲದ, ಹೇಳಲು ಕತೆಯೇ ಇಲ್ಲದ ಎಷ್ಟೋ ಆಪರೇಷನ್‌ಗಳು ನನ್ನವಾಗಿದ್ದವು. ದೊಡ್ಡವು ಮಾತ್ರ, ಅನುಮಾನವೇ ಇಲ್ಲದವು ಮಾತ್ರ ಎಂದು ಸೋಸಿದಾಗ ಉಳಿದದ್ದು ನಲವತ್ತೆಂಟು. ಇನ್ನೆರಡು ಬೇಕಿತ್ತು. ಅವು ದೋಣಿಯಾಗಿ ಹೋದ ಪುಟಗಳಲ್ಲಿ ಇದ್ದಿರಬೇಕು.

ಸರ್ ಮನೆ ಮಣಿಪಾಲದಲ್ಲಿ, ಇಳಿಜಾರಿನ ಕೊನೆಗೆ. ಮಧ್ಯಾಹ್ನ ಹೋದೆ. ಪಟ್ಟಿ ಕೈಗಿತ್ತಾಗ ಅವರ ಮುಖ ಸಣ್ಣದಾಯಿತು. ಬೆರಳಿಟ್ಟು ಓದಿದರು.

"ಇದು ನಾನು ಮಾಡಿದ್ದಲ್ವಾ? ಈ ಪಿತ್ತಕೋಶ? ಕಲ್ಲು ಪಿತ್ತನಾಳಕ್ಕೆ ಇಳಿದಿತ್ತು. ನನಗೆ ಆ ಹೊಟ್ಟೆ ಈಗಲೂ ಕಣ್ಣ ಮುಂದೆ ಉಂಟು ಮಾರಾಯ್ತಿ."

"ನನಗೂ ಉಂಟು ಸರ್."

ನೋಟ್‌ಬುಕ್ ತೆರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದರು, ಮತ್ತೆ ಹಾಕಿಕೊಂಡರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಎದುರು ನಿಂತು ಅಷ್ಟು ಗಮನವಿಟ್ಟು ನೋಡಿದ್ದನ್ನು ಅವರ ತಲೆ ತನ್ನ ಕೈ ಮಾಡಿದ್ದೆಂದು ಬರೆದುಕೊಂಡಿತ್ತು. ನನ್ನ ತಲೆಯೂ ಐದು ಸಲ ಅದನ್ನೇ ಮಾಡಿತ್ತಲ್ಲ. ಇದು ತಿಳಿದಿದ್ದರಿಂದಲೇ ನನಗೆ ಅವರ ಮುಂದೆ ಕೂರಲು ಸಾಧ್ಯವಾಯಿತು.

"ನಿನಗೆ ಧೈರ್ಯ ಇರ್ಲಿ ಅಂತ ನಾನು ಎದುರು ನಿಂತದ್ದು" ಎಂದರು.

ಅವರ ಹೆಂಡತಿ ಕಾಫಿ ತಂದವರು ಅಲ್ಲೇ ಕೂತಿದ್ದರು. "ಆ ಹುಡುಗನಿಗೆ ಧೈರ್ಯ ಬೇಡ ಇತ್ತಾ?" ಎಂದು ಕೇಳಿದರು. ಸರ್ ಕಾಫಿ ಲೋಟ ಕೈಗೆತ್ತಿಕೊಂಡರು. ಹೆಂಡತಿ ನನ್ನ ಕಡೆ ತಿರುಗಿ, "ನನ್ನ ಕೈ ಆರೂವರೆ" ಎಂದರು. ಅವರೂ ಸರ್ ಜೊತೆಗೇ ಎಂಬಿಬಿಎಸ್ ಮುಗಿಸಿದವರೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಏಳು ವರ್ಷ ಆ ಮನೆಗೆ ಹೋಗಿಬಂದಿದ್ದೆ, ಅವರ ಕೈಯ ಕಾಫಿ ಕುಡಿದಿದ್ದೆ, ಒಮ್ಮೆಯೂ ಕೇಳಿರಲಿಲ್ಲ.

ಸಂಜೆಯಾಗುವವರೆಗೆ ಒಂದೊಂದನ್ನೇ ನೋಡಿದೆವು. ಕೆಲವಕ್ಕೆ ವಾದ ಮಾಡಿದರು, ಕೆಲವಕ್ಕೆ ನಕ್ಕರು. ನಲವತ್ತೆಂಟಕ್ಕೂ ಸಹಿ ಹಾಕಿದರು. ಆಮೇಲೆ ಪೆನ್ನನ್ನು ಗಾಳಿಯಲ್ಲೇ ಹಿಡಿದು ಕೇಳಿದರು.

"ಆ ಮೂಟೆಯವರದ್ದು ಎಲ್ಲಿ? ಆದಿ ಉಡುಪಿಯವರು? ಅದನ್ನು ಹಾಕ್ಲಿಲ್ವಾ ನೀನು?"

"ಅದು ನೀವು ಜೋಡಿಸಿದ್ದು ಸರ್."

"ಎಂತ ಮಾತಾಡ್ತಿ? ನಾನು ಬರುವಾಗ ಎಲ್ಲ ಮುಗಿದಿತ್ತು. ನಮ್ಮಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಒಬ್ಬಳೇ ಕರುಳು ಜೋಡಿಸಿದ್ಲು ಅಂತ ನಾನು ಊರಿಡೀ ಹೇಳಿದ್ದೇನೆ!"

ನಾನು ಮಾಡಿದ ನಲವತ್ತೆಂಟನ್ನು ತಮ್ಮದೆಂದು ತಿಳಿದಿದ್ದವರು, ತಾವು ಮಾಡಿದ ಒಂದನ್ನು ನನಗೆ ಕೊಟ್ಟುಬಿಟ್ಟಿದ್ದರು. ಬಹುಶಃ ನಾನು ಹೇಳುತ್ತಿದ್ದ ಕತೆ ನನ್ನ ನೆನಪೇ ಅಲ್ಲ, ಅವರು ಹೊಗಳುತ್ತಿದ್ದದ್ದನ್ನು ಕೇಳಿ ಕೇಳಿ ನಾನು ಕಲಿತದ್ದು. "ಹಾಕು. ಇನ್ನೊಂದನ್ನೂ ಹುಡುಕುವ. ಐವತ್ತಾಗ್ತದೆ" ಎಂದರು. ಸಹಿ ಮಾಡಲು ಅವರು ತಯಾರು. ಕೇಳಿದರೆ ಇಡೀ ಉಡುಪಿ ಹೌದೆನ್ನುತ್ತದೆ. ಬೇಡವೆನ್ನಲು ನನಗೆ ಎಷ್ಟು ಹೊತ್ತು ಹಿಡಿಯಿತು ಎಂದು ಹೇಳಲು ಇಷ್ಟವಿಲ್ಲ. ಆ ಒಂದನ್ನು ಹಾಕಿದರೆ ನೋಟ್‌ಬುಕ್ಕಿನ ಉಳಿದ ಆರುಗಳಿಗೆ ಬೆಲೆ ಇರುವುದಿಲ್ಲ ಎಂಬುದು ನನ್ನನ್ನು ತಡೆಯಿತು.

"ಇನ್ನೊಂದು ಹಾಳೆ ತೆಗೆಯಿರಿ" ಎಂದರು ಅವರ ಹೆಂಡತಿ. "ಯಾರು ಎಲ್ಲಿವರೆಗೆ ಮಾಡಿದ್ದು ಅಂತ ಬರೆಯಿರಿ. ಹಾಗೆಯೇ ನಡೆದದ್ದಲ್ವಾ?"

ಹಾಗೆ ಎರಡನೆಯ ಹಾಳೆಯೊಂದು ಆಯಿತು. ಜೊತೆಯಾಗಿ ಮಾಡಿದ್ದು ಎಂದು ಮೇಲೆ ಬರೆದೆವು. ಅದರಲ್ಲಿ ಹನ್ನೊಂದು. ಮೊದಲನೆಯದು ಆ ಭಾನುವಾರದ್ದು: ಕೊಯ್ದು ಬಿಡಿಸಿದ್ದು ನಾನು, ಜೋಡಿಸಿದ್ದು ಸರ್. ಇಬ್ಬರ ಸಹಿ.

ನಲವತ್ತೆಂಟರ ಪಟ್ಟಿಯನ್ನೂ ಆ ಹಾಳೆಯನ್ನೂ ಕೊಟ್ಟೆ. ಮಂಡಳಿಯವರು ಎರಡನೆಯ ಹಾಳೆಯನ್ನೇ ಹೆಚ್ಚು ಹೊತ್ತು ನೋಡಿದರು ಎಂದು ಆಡಳಿತಾಧಿಕಾರಿಗಳು ಆಮೇಲೆ ಹೇಳಿದರು. ಸರ್‌ಗೆ ಫೋನ್ ಮಾಡಿ ಕೇಳಿದರಂತೆ. ಅವರು ಏನು ಹೇಳಿದರೆಂದು ನನಗೆ ಮೂರು ಜನ ಮೂರು ರೀತಿ ಹೇಳಿದ್ದಾರೆ, ಮೂರೂ ಹೊಗಳಿಕೆ, ಆದ್ದರಿಂದ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಹುದ್ದೆ ಒಂದು ವರ್ಷದ ಮಟ್ಟಿಗೆ ಎಂದು ನನಗೆ ಬಂತು. ವರ್ಷ ಕಳೆದ ಮೇಲೆ ಆ ಮಟ್ಟಿಗೆ ಎಂಬುದನ್ನು ತೆಗೆದರು.

ಸಹೋದ್ಯೋಗಿ ಮೊದಲ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಎರಡು ವಾರ ಹಾಗೆಯೇ ಹೋಯಿತು. ಮೂರನೆಯ ವಾರ ಕ್ಯಾಂಟೀನಿನಲ್ಲಿ ಬನ್ಸಿನ ತಟ್ಟೆ ಹಿಡಿದು ನನ್ನೆದುರು ಕೂತ.

"ಒಂದು ಹೇಳ್ತೇನೆ, ನಗಾಡ್ಬೇಡ. ಸರ್ ಚಹಾಕ್ಕೆ ಹೋದಾಗೆಲ್ಲ ನನಗೆ ಹೆದರಿಕೆ ಆಗ್ತಿತ್ತು. ನಿನ್ನ ಎದುರು ನಿಲ್ತಾರೆ, ನನ್ನ ಎದುರು ಯಾಕೆ ನಿಲ್ಲುದಿಲ್ಲ ಅಂತ ಹೊಟ್ಟೆಕಿಚ್ಚು."

ನಾನು ನಕ್ಕೆ. ಅವನು ಈಗಲೂ ನಮ್ಮಲ್ಲೇ ಇದ್ದಾನೆ. ಕಷ್ಟದ ಆಪರೇಷನ್ ಇದ್ದರೆ ಅವನ ಎದುರು ನಾನು ನಿಲ್ಲುತ್ತೇನೆ, ನನ್ನ ಎದುರು ಅವನು.

ನಾನು ಮಾಡಿದ ಬದಲಾವಣೆ ಸಣ್ಣದು. ಚಾಕು ಹಿಡಿದವರು ತಲೆಯ ಟೋಪಿ ತೆಗೆಯುವ ಮೊದಲು ತಮ್ಮ ಕೈಯಿಂದಲೇ ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು. ಹೊರಗೆ ಕಾಯುವ ಮನೆಯವರಿಗೆ ಅವರೇ ಹೋಗಿ ಹೇಳಬೇಕು. ಜೊತೆಯಾಗಿ ಮಾಡಿದ್ದಕ್ಕೆ ಮೂರನೆಯ ಕಾಲಂ. ಗ್ಲೋವ್ಸ್ ಈಗ ಎಲ್ಲ ಅಳತೆಯವೂ ಬರುತ್ತವೆ. ನೋಟ್‌ಬುಕ್ ಬೇಕಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಇನ್ನೊಂದು ಅಂದದ ಕತೆಯಾಗುತ್ತದೆ, ಅದಕ್ಕೇ ಕಳೆದ ವಾರದ್ದನ್ನೂ ಬರೆಯುತ್ತೇನೆ. ನಮ್ಮ ಕಿರಿಯ ಸರ್ಜನ್ ಪೆರ್ಡೂರಿನವಳು, ಎತ್ತರದ ಆಳು, ಏಳು ನಂಬರಿನ ಕೈ. ಒಂದು ಪಿತ್ತಕೋಶ ಅವಳು ಮಾಡಿದಳು, ನಾನು ಎದುರು ನಿಂತಿದ್ದೆ. ಒಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು. ಅವಳು ಅವಸರ ಮಾಡದೆ ಬಿಡಿಸಿದಳು. ನಾನು ಮೊದಲು ಹೊರಬಂದೆ, ಪೆನ್ ತೆಗೆದೆ, ಮೊದಲ ಕಾಲಂನಲ್ಲಿ ನನ್ನ ಹೆಸರು ಬರೆದೆ. ಯೋಚಿಸಿ ಮಾಡಿದ್ದಲ್ಲ. ಆ ಪಿತ್ತಕೋಶವನ್ನು ನನ್ನ ಬೆರಳುಗಳು ಮುಟ್ಟಿದಂತೆಯೇ ನನಗೆ ಅನ್ನಿಸುತ್ತಿತ್ತು.

ಟ್ರೇ ಹಿಡಿದು ಹಿಂದೆ ಬಂದ ಈಗಿನ ಓಟಿ ಸಿಸ್ಟರ್ ಇಣುಕಿ ನೋಡಿದರು. "ಮೇಡಂ, ನಾನು ಚಾಕು ಕೊಟ್ಟದ್ದು ಏಳು ನಂಬರಿಗೆ ಅಲ್ವಾ?"

ನನ್ನ ಹೆಸರಿನ ಮೇಲೆ ಗೆರೆ ಎಳೆದೆ, ಪಕ್ಕದಲ್ಲಿ ಸಹಿ ಹಾಕಿದೆ. ಕಾಟು ಹೊಡೆದದ್ದು ಚೆನ್ನಾಗಿ ಕಾಣಿಸುತ್ತದೆ, ಹಾಗೆಯೇ ಇರಲಿ ಎಂದು ಬಿಟ್ಟೆ. ಅವಳು ಬಂದಾಗ ಪೆನ್ ಕೊಟ್ಟೆ. ಅವಳು ಪುಟವನ್ನು ನೋಡಿದಳು, ನನ್ನನ್ನು ನೋಡಿದಳು, ತನ್ನ ಹೆಸರನ್ನು ಪೂರ್ತಿಯಾಗಿ ಬರೆದು ಹೊರಗೆ ಹೋದಳು.

ಬಾಗಿಲು ಅರ್ಧ ತೆರೆದಿತ್ತು. ರೋಗಿಯ ಗಂಡನ ಸ್ವರ ಕೇಳಿಸಿತು: "ದೊಡ್ಡ ಡಾಕ್ಟ್ರು ಎಲ್ಲಿ? ಅವರು ಬರುದಿಲ್ವಾ?"

ನಾನು ಹೋಗಲಿಲ್ಲ.

"ಮಾಡಿದ್ದು ನಾನು" ಎಂದಳು ಅವಳು. "ಕಲ್ಲು ತೆಗೆದಿದ್ದೇನೆ, ನಿಮ್ಮವರು ಆರಾಮ ಇದ್ದಾರೆ. ಎಂತ ಕೇಳ್ಬೇಕು, ನನ್ನ ಹತ್ರ ಕೇಳಿ."

ಅವರು ಕೇಳತೊಡಗಿದರು: ಗಂಜಿ ಯಾವಾಗ ಕೊಡಬಹುದು, ಹೊಲಿಗೆ ಯಾವಾಗ ಬಿಚ್ಚುವುದು, ಕಲ್ಲು ಎಷ್ಟು ದೊಡ್ಡದಿತ್ತು, ಒಮ್ಮೆ ತೋರಿಸಬಹುದಾ.